ಮೂರು ಬಡಿತ, ಐವತ್ತು ಎಣಿಕೆ

ಹೋದ ವರ್ಷ ಮಾತೆ ಮರಿಯಮ್ಮನವರ ಸ್ವರೂಪ, ಅಂದರೆ ಚರ್ಚಿನ ಪ್ರತಿಮೆ, ವಾಚ್‌ಮನ್‌ನ ಮನೆ ಬಾಗಿಲಿಗೆ ಬಂದಾಗ ಬೆಳಗಿನ ಹತ್ತೂವರೆ ಗಂಟೆ. ಕಾರ್ಖಾನೆಯ ಗೇಟಿನಲ್ಲಿ ರಾತ್ರಿಯಿಡೀ ಕಣ್ಣು ಬಿಟ್ಟುಕೊಂಡಿದ್ದು ಬಂದಿದ್ದ ಅವನು ನೆನೆದ ಸಿಮೆಂಟ್ ಮೂಟೆಯ ಹಾಗೆ ಬಿದ್ದುಕೊಂಡಿದ್ದ. ಮಾತೆಯ ಸಂಘದವರು ಮೂರು ಸಲ ಬಾಗಿಲು ಬಡಿದರು. ನಿಯಮದ ಪ್ರಕಾರ ಐವತ್ತರವರೆಗೆ ಎಣಿಸಿದರು. ಆಮೇಲೆ ಸ್ವರೂಪವನ್ನು ಎತ್ತಿಕೊಂಡು ಬೇರೆ ಮನೆಗೆ ಹೋದರು. ಅವರು ಎಣಿಸುತ್ತಿದ್ದದ್ದು ಒಳಗೆ ಮಂಚದ ಮೇಲಿದ್ದ ಅವನ ತಾಯಿಗೆ ಒಂದರಿಂದ ಐವತ್ತರವರೆಗೂ ಕೇಳಿಸಿತ್ತು. ಸೊಂಟ ಮುರಿದುಕೊಂಡು ಒಂದು ವರ್ಷದಿಂದ ಹಾಸಿಗೆ ಹಿಡಿದಿದ್ದ ಆಕೆ ಏಳುವ ಹಾಗಿರಲಿಲ್ಲ. ಸಣ್ಣ ದನಿಯಲ್ಲಿ ಕೂಗಿದ್ದು ಬಾಗಿಲನ್ನೂ ದಾಟಲಿಲ್ಲ, ಮಗನ ನಿದ್ದೆಯನ್ನೂ ದಾಟಲಿಲ್ಲ.

ಭಾನುವಾರ ಪೂಜೆಯ ಕೊನೆಯಲ್ಲಿ ಸಂಘದ ಅಧ್ಯಕ್ಷೆ, ಅಂದರೆ ನಿವೃತ್ತ ಹೆಡ್‌ಮಿಸ್ ಅಮ್ಮನವರು, ಸಂಘದ ಪುಸ್ತಕ ತೆರೆದು ಓದಿದರು: "ಈ ಮನೆಯವರು ಎಚ್ಚರವಾಗಿರಲಿಲ್ಲ." ಇಡೀ ದೇವಾಲಯ ತಿರುಗಿ ನೋಡಿತು. ಅಂದಿನಿಂದ ಅವನ ಹೆಸರು ನಿದ್ದೆರಾಯ.

ಅವನಿಗೆ ಮೈ ಉರಿಯಿತು. ಊರಿಗೆ ಊರೇ ಹೊದ್ದು ಮಲಗಿರುವಾಗ ಎದ್ದಿರುವವನು ತಾನೊಬ್ಬನೇ. ಇಪ್ಪತ್ತೆರಡು ವರ್ಷದಿಂದ ಅದೇ ತನ್ನ ಅನ್ನ. ಎಚ್ಚರದ ಬಗ್ಗೆ ತನಗೆ ಪಾಠ ಹೇಳುವವರು ರಾತ್ರಿ ಒಂಬತ್ತಕ್ಕೆ ಕಂಬಳಿ ಎಳೆದುಕೊಳ್ಳುವವರು. ಈ ಮಾತನ್ನು ಅವನು ಒಂದು ವರ್ಷ ಕಾಲ ಕಾರ್ಖಾನೆಯ ಗೇಟಿನ ಕಂಬಕ್ಕೆ ಹೇಳಿದ. ಕಂಬ ಮರುಮಾತಾಡದೆ ಒಪ್ಪಿಕೊಂಡಿತು. ಮನುಷ್ಯರಿಗೆ ಹೇಳಲು ಅವನಿಗೆ ಬಾಯಿ ಬರಲಿಲ್ಲ. ತಾಯಿ ಬೈದಿದ್ದರೂ ಆಗುತ್ತಿತ್ತು. ಆಕೆ ಬೈಯಲಿಲ್ಲ.

ಈ ವರ್ಷವೂ, ಜಪಮಣಿ ಎಣಿಸುತ್ತ ಮಾತೆಯ ಸ್ವರೂಪವನ್ನು ದಿನಕ್ಕೊಂದು ಮನೆಗೆ ಒಯ್ಯುವ ಜಪಸರದ ತಿಂಗಳು ಬಂತು. ಯಾರ ಮನೆ, ಯಾವ ದಿನ, ಎಷ್ಟು ಹೊತ್ತಿಗೆ ಎಂದು ಸಂಘದವರು ಯಾರಿಗೂ ಹೇಳುವಂತಿಲ್ಲ. ಬೆಳಗಿನ ಎಂಟರಿಂದ ಸಂಜೆ ಆರರೊಳಗೆ ಯಾವಾಗ ಬೇಕಾದರೂ ಬರಬಹುದು. ಬಂದರೆ ಮಾರನೆಯ ದಿನದವರೆಗೆ ಸ್ವರೂಪ ಆ ಮನೆಯಲ್ಲೇ. ವಾಚ್‌ಮನ್ ಹನ್ನೊಂದು ದಿನದಿಂದ ಹಗಲು ಮಲಗಿರಲಿಲ್ಲ. ಸಂಜೆ ಆರಕ್ಕೆ ಬಿದ್ದು ಎಂಟೂವರೆಗೆ ಎದ್ದು ಡ್ಯೂಟಿಗೆ ಹೋಗುತ್ತಿದ್ದ. ಅವನ ಕಣ್ಣು ಕೆಂಪು ದೀಪ ಬಿದ್ದ ಸಿಗ್ನಲ್ಲಿನ ಹಾಗಿತ್ತು.

ಹನ್ನೆರಡನೆಯ ದಿನ ಬೆಳಿಗ್ಗೆ ಅವನು ಸ್ನಾನ ಮಾಡಿ, ಬಿಳಿ ಶರ್ಟು ತೊಟ್ಟು, ಮೇಜಿಗೆ ಬಿಳಿ ಬಟ್ಟೆ ಹಾಸಿ, ಹೂವಿಟ್ಟು, ಬಾಗಿಲ ಹಿಂದೆ ಕುರ್ಚಿ ಹಾಕಿಕೊಂಡು ಕೂತ. ಎದುರುಮನೆಯ ಟೈಲರಮ್ಮ ಕಿಟಕಿಯಿಂದಲೇ ಶುರು ಮಾಡಿದಳು.

"ಅಣ್ಣಾ, ಎದ್ದಿದ್ದೀಯಾ?"

"ಎದ್ದಿದ್ದೀನಿ."

"ಕಣ್ಣು ಮುಚ್ಚಿದೆಯಲ್ಲ."

"ಪ್ರಾರ್ಥನೆ ಮಾಡ್ತಿದ್ದೆ."

"ಬಾಯಿ ತೆರ್ಕೊಂಡಾ?"

ಆಮೇಲೆ ಒಂದೊಂದು ಹೊಲಿಗೆ ಮುಗಿದಾಗಲೂ ಆಕೆ ಕೂಗತೊಡಗಿದಳು. ಅವನು ಉತ್ತರ ಕೊಡುವುದು ಒಂದು ಕ್ಷಣ ತಡವಾದರೆ ಓಣಿಯ ಉಳಿದ ಕಿಟಕಿಗಳೂ ಕೂಗುತ್ತಿದ್ದವು. ಸಹಾಯ ಮಾಡುತ್ತಿದ್ದೇವೆಂದು ಎಲ್ಲರಿಗೂ ಸಮಾಧಾನ. ಹಾಜರಿ ಹೇಳಿ ಹೇಳಿ ಅವನ ಗಂಟಲು ಒಣಗಿತು.

ಒಂಬತ್ತೂವರೆಗೆ ಬಾಗಿಲು ಬಡಿದ ಸದ್ದು. ಅವನು ಮೇಣದಬತ್ತಿ ಹಚ್ಚಿ, ಚಿಲಕ ತೆಗೆದು, ಮೊಣಕಾಲೂರಿ, ತಲೆ ಬಗ್ಗಿಸಿದ. ಎದುರಿಗೆ ಗ್ಯಾಸ್ ಸಿಲಿಂಡರ್ ಹೊತ್ತ ಆಳು ನಿಂತಿದ್ದ. ಹೆಗಲ ಮೇಲೆ ಸಿಲಿಂಡರ್, ಮೂಗಿನ ಕೆಳಗೆ ಉರಿಯುವ ಬತ್ತಿ. ಆ ಮನುಷ್ಯನ ಮುಖ ಸುಣ್ಣವಾಯಿತು.

"ಸಾರ್, ಮೊದಲು ಅದನ್ನ ಆರಿಸಿ. ಸಾಯೋದಿದ್ರೆ ನೀವೊಬ್ರೇ ಸಾಯಿರಿ. ನನಗೆ ಇನ್ನೂ ಹದಿನಾರು ಮನೆ ಇದೆ."

ಹನ್ನೊಂದೂವರೆಗೆ ಮತ್ತೆ ಬಡಿತ. ಮತ್ತೆ ಬತ್ತಿ, ಮತ್ತೆ ಮೊಣಕಾಲು. ಈ ಸಲ ಕಣ್ಣೆತ್ತಿದಾಗ ಕಂಡದ್ದು ಪಾಲಿಶ್ ಮಾಡಿದ ಬೂಟು. ಅದರ ಮೇಲೆ ಕಾರ್ಖಾನೆಯ ಸೂಪರ್‌ವೈಸರ್. ಹಿಂದಿನ ರಾತ್ರಿ ಬಂದ ಲಾರಿಯ ನಂಬರ್ ಕೇಳಿಕೊಂಡು ಹೋಗಲು ಬಂದಿದ್ದರು. ತಮ್ಮ ವಾಚ್‌ಮನ್ ಮೊಣಕಾಲ ಮೇಲೆ, ಕೆಂಪು ಕಣ್ಣಿನಲ್ಲಿ, ಕೈಮುಗಿದುಕೊಂಡಿರುವುದನ್ನು ನೋಡಿ ಅವರಿಗೆ ಲಾರಿ ಮರೆತುಹೋಯಿತು.

"ಏನು ಕಳುವಾಯ್ತು?" ಎಂದರು.

"ಏನೂ ಇಲ್ಲ ಸಾರ್."

"ಏನೂ ಇಲ್ದೆ ಯಾವನಯ್ಯ ಕಾಲಿಗೆ ಬೀಳ್ತಾನೆ? ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ ಮಲಗಿದ್ದೆ, ಅದನ್ನ ಹೇಳು."

"ಮಲಗಿಲ್ಲ ಸಾರ್. ನಾನು ಮಾತೆಗೆ ಕಾಯ್ತಿದ್ದೆ."

"ನಮ್ಮ ಗೇಟು ಕಾಯೋಕೆ ಹೇಳಿದ್ರೆ ಇನ್ಯಾರಿಗೋ ಕಾಯ್ತಿದ್ದೆಯಾ?"

ವಾಚ್‌ಮನ್ ಎದ್ದು ನಿಂತ. ಹೇಳಬೇಕಾದ್ದು ಬೆಟ್ಟದಷ್ಟಿತ್ತು. ಅದು ಗಂಟಲಿನ ತನಕ ಬಂದು, ಅಲ್ಲಿ ಸಾಲುಗಟ್ಟಿ ನಿಂತು, ಯಾವುದು ಮೊದಲು ಹೊರಡಬೇಕೆಂದು ತಳ್ಳಾಡಿ, ಕೊನೆಗೆ ಎಲ್ಲವೂ ವಾಪಸು ಹೋಯಿತು. ಅವನ ಮೌನವನ್ನು ಸೂಪರ್‌ವೈಸರ್ ತಪ್ಪೊಪ್ಪಿಗೆಯೆಂದು ಬರೆದುಕೊಂಡರು. "ಸ್ಟಾಕ್ ಎಣಿಸೋವರೆಗೆ ಡ್ಯೂಟಿಗೆ ಬರಬೇಡ" ಎಂದು ಹೇಳಿ ಹೋದರು.

"ಅಣ್ಣಾ, ಕೆಲಸ ಹೋಯ್ತಾ?" ಎಂದಳು ಟೈಲರಮ್ಮ.

"ಹೋಗಿಲ್ಲ. ಇವತ್ತಿಗೆ ಬೇಡ ಅಂದ್ರು."

"ಹಾಗಾದ್ರೆ ಒಳ್ಳೇದೇ ಆಯ್ತು. ನಿದ್ದೆ ಮಾಡ್ಬಹುದು."

ಮಧ್ಯಾಹ್ನ ಎರಡರ ಹೊತ್ತಿಗೆ ಗೋಡೆಗಳು ಉಸಿರಾಡತೊಡಗಿದವು. ಅವನು ಬಕೆಟಿನಲ್ಲಿ ತಣ್ಣೀರು ತಂದು ಎರಡೂ ಕಾಲು ಇಳಿಬಿಟ್ಟು ಕೂತ. ಒಳಗಿನಿಂದ ತಾಯಿ ಕೇಳಿದಳು, "ಮಗಾ, ಮರಿಯಮ್ಮ ತಾಯಿ ಬಂದ್ರೆ ನನ್ನ ಮಂಚದ ಹತ್ರ ಒಂದು ಗಳಿಗೆ ತರ್ತಾರೇನೋ? ಪಾದ ಮುಟ್ಬೇಕು, ಅಷ್ಟೇ."

"ನಾನೇ ತರ್ತೀನಿ" ಎಂದ. ಹೇಳುವಾಗ ನಿದ್ದೆ ಅದಾಗಿಯೇ ಹಿಂದೆ ಸರಿಯಿತು.

ನಾಲ್ಕು ಮುಕ್ಕಾಲಿಗೆ ಬಾಗಿಲ ಮೇಲೆ ಒಂದು ಬಡಿತ ಬಿತ್ತು. ಎರಡನೆಯದು ಬೀಳುವಷ್ಟರಲ್ಲಿ ಬಾಗಿಲು ತೆರೆದಿತ್ತು. ಬತ್ತಿ ಉರಿಯುತ್ತಿತ್ತು, ಅವನು ಮೊಣಕಾಲೂರಿದ್ದ. ಹೆಡ್‌ಮಿಸ್ ಅಮ್ಮನವರು ಎತ್ತಿದ ಕೈ ಗಾಳಿಯಲ್ಲೇ ನಿಂತಿತು. ಅವರ ಹಿಂದೆ ಸಂಘದ ಕಾರ್ಯದರ್ಶಿಯಾದ ಮೆಡಿಕಲ್ ಶಾಪಿನವರು. ಅವರ ತೋಳಿನಲ್ಲಿ, ನೀಲಿ ಬಟ್ಟೆ ಹೊದ್ದ ಸ್ವರೂಪ.

ಅಮ್ಮನವರು ಬತ್ತಿ ನೋಡಿದರು, ಬಿಳಿ ಬಟ್ಟೆಯ ಮೇಜು ನೋಡಿದರು, ಹೂವು ನೋಡಿದರು, ಇಸ್ತ್ರಿಯಾದ ಶರ್ಟು ನೋಡಿದರು. ನೋಡುತ್ತ ನೋಡುತ್ತ ಅವರ ಮುಖ, ನಕಲು ಹೊಡೆದ ಉತ್ತರಪತ್ರಿಕೆ ಸಿಕ್ಕವರ ಮುಖದಂತಾಯಿತು.

"ಯಾರು ಹೇಳಿದ್ರು ನಿಮಗೆ?"

"ಏನು ಅಮ್ಮ?"

"ಇವತ್ತು ಬರ್ತೀವಿ ಅಂತ."

"ಯಾರೂ ಹೇಳಿಲ್ಲ. ಎಚ್ಚರವಾಗಿರಿ ಅಂತ ಶುಭಸಂದೇಶದಲ್ಲೇ ಇದೆಯಲ್ಲ."

"ಶುಭಸಂದೇಶದಲ್ಲಿ ನಿಮ್ಮ ಮನೆ ನಂಬರ್ ಇಲ್ಲ."

ಕಾರ್ಯದರ್ಶಿ ಸ್ವರೂಪವನ್ನು ಇನ್ನೊಂದು ತೋಳಿಗೆ ಬದಲಾಯಿಸಿಕೊಂಡರು. "ಹನ್ನೊಂದು ಮನೆ ನೋಡಿದ್ವಿ ಕಣಯ್ಯ. ಒಂದು ಮನೇಲಿ ಜಗಳ ನಡೀತಿತ್ತು. ಒಂದು ಮನೇಲಿ ಟವೆಲ್ ಸುತ್ಕೊಂಡು ಬಂದ್ರು. ಅದು ಸಹಜ. ಹೇಳ್ದೆ ಕೇಳ್ದೆ ಹೋದಾಗ ಹೂವಿಟ್ಕೊಂಡು ಕೂತಿರೋರನ್ನ ನಾನು ನೋಡೇ ಇಲ್ಲ."

"ದಿನಾ ಇಟ್ಕೊಂಡು ಕೂತಿರ್ತೀನಿ ಸಾರ್."

"ರಾತ್ರಿ ಡ್ಯೂಟಿ ಮಾಡೋನು? ದಿನಾ?" ಕಾರ್ಯದರ್ಶಿ ನಕ್ಕರು. "ಹೋದ ವರ್ಷ ನೋಡಿದ್ದೀವಲ್ಲ."

ಅಷ್ಟರಲ್ಲಿ ಒಳಗಿನಿಂದ ತಾಯಿಯ ದನಿ ಬಂತು. ಎರಡು ವರ್ಷದಲ್ಲಿ ಅಷ್ಟು ಗಟ್ಟಿಯಾಗಿ ಆಕೆ ಮಾತಾಡಿರಲಿಲ್ಲ. ಮಗನ ಮರ್ಯಾದೆ ಉಳಿಸಲು ಇದ್ದಬದ್ದ ಉಸಿರನ್ನೆಲ್ಲ ಒಟ್ಟು ಮಾಡಿಕೊಂಡಿದ್ದಳು.

"ನನ್ನ ಮಗನಿಗೆ ಗೊತ್ತಿತ್ತಮ್ಮಾ. ಇವತ್ತು ಖಂಡಿತ ಬರ್ತಾರೆ ಅಂತ ಬೆಳಿಗ್ಗೇನೇ ಹೇಳಿದ್ದ."

ಟೈಲರಮ್ಮನ ಮಷೀನು ನಿಂತಿತು.

ಹೇಳಿದ್ದು ನಿಜ. ಇವತ್ತು ಹೇಳಿದ್ದ, ನಿನ್ನೆ ಹೇಳಿದ್ದ, ಹನ್ನೆರಡು ದಿನವೂ ಬೆಳಿಗ್ಗೆ ತಾಯಿಯ ಮುಖ ಒರೆಸುವಾಗ ಅದನ್ನೇ ಹೇಳಿದ್ದ. ಗೊತ್ತಿದ್ದು ಹೇಳಿದ್ದಲ್ಲ, ಆ ಮುಖ ನೋಡಲಾರದೆ ಹೇಳಿದ್ದು. ಆಕೆ ಹಿಂದಿನ ದಿನದ್ದನ್ನು ಮರೆತು ಪ್ರತಿ ದಿನವೂ ಹೊಸದಾಗಿ ನಂಬಿದ್ದಳು. ಇದನ್ನು ಈಗ ಬಾಗಿಲಲ್ಲಿ ನಿಂತು ಹೇಳಿದರೆ ಅವನು ಗೆಲ್ಲುತ್ತಿದ್ದ. ಆದರೆ ಆ ಮನೆಯಲ್ಲಿ ಬಾಗಿಲಲ್ಲಿ ಆಡಿದ್ದೆಲ್ಲ ಮಂಚಕ್ಕೆ ಕೇಳಿಸುತ್ತಿತ್ತು. ಅವನು ಬಾಯಿ ತೆರೆದ, ಮುಚ್ಚಿದ. ಒಂದೇ ದಿನದಲ್ಲಿ ಅವನ ಮೌನ ಎರಡನೆಯ ಸಲ ಅವನ ವಿರುದ್ಧ ಸಾಕ್ಷಿ ಹೇಳಿತು.

"ನಾಲ್ಕನೆಯ ನಿಯಮ," ಎಂದರು ಅಮ್ಮನವರು. "ಮೊದಲೇ ಸುದ್ದಿ ತಿಳಿದ ಮನೆಗೆ ಪ್ರವೇಶ ಇಲ್ಲ. ನನಗೂ ಬೇಜಾರೇ. ಆದರೆ ನಿಯಮ ಬಿಟ್ರೆ ಎಚ್ಚರಕ್ಕೇನು ಅರ್ಥ?"

ಸ್ವರೂಪ ಪಕ್ಕದ ಮನೆಗೆ ತಿರುಗಿತು. ಅಲ್ಲಿರುವವರು ಪಿಂಚಣಿ ಮಾಸ್ತರು, ಒಬ್ಬರೇ. ಮೂರು ಬಡಿತವಾಯಿತು. ಎಣಿಕೆ ನಲವತ್ತೆಂಟಕ್ಕೆ ಬಂದಾಗ ಬಾಗಿಲು ತೆರೆಯಿತು. ಬನಿಯನ್ ತಿರುಗುಮುರುಗಾಗಿತ್ತು, ಕೆನ್ನೆಯ ಮೇಲೆ ದಿಂಬಿನ ಗೆರೆ. "ಹಾಲಿನವನಾ?" ಎಂದು ಕೇಳಿದರು.

"ನೋಡಿ," ಎಂದರು ಅಮ್ಮನವರು, ಕಾರ್ಯದರ್ಶಿಗೆ. "ಕಪಟ ಅನ್ನೋದು ಒಂಚೂರಾದ್ರೂ ಇದೆಯಾ?"

ಓಣಿಯವರೆಲ್ಲ ಮಾಸ್ತರರ ಮನೆ ಹೊಕ್ಕರು. ವಾಚ್‌ಮನ್ ಒಳಗೆ ಬಂದು ಮಂಚದ ಪಕ್ಕ ನಿಂತ.

"ತಾಯಿ ಒಳಗೆ ಬರಲ್ವಾ?"

"ಪಕ್ಕದ ಮನೆಗೆ ಹೋದ್ರು."

"ನಾವು ಎಚ್ಚರ ಇದ್ವಲ್ಲೋ."

"ಇದ್ವಿ."

"ಮತ್ತೆ?"

ಅವನು ಹೂವು ತೆಗೆದ, ಬಿಳಿ ಬಟ್ಟೆ ಮಡಚಿದ, ಬಿಚ್ಚಿದ, ಇನ್ನೂ ಸಣ್ಣದಾಗಿ ಮಡಚಿದ. ಪಕ್ಕದಲ್ಲಿ ಜಪಸರ ಶುರುವಾಗಿ, ಅರ್ಧ ಗಂಟೆಗೆ ಮುಗಿದು, ಜನ ಚದುರಿದರು. ಆರು ಗಂಟೆಗೆ ಬಾಗಿಲು ಬಡಿಯಿತು. ಈ ಸಲ ಅವನು ಬತ್ತಿ ಹಚ್ಚಲಿಲ್ಲ, ಮೊಣಕಾಲೂರಲೂ ಇಲ್ಲ. ಪಿಂಚಣಿ ಮಾಸ್ತರು ಆಕಳಿಸುತ್ತ ನಿಂತಿದ್ದರು.

"ಒಂದು ಉಪಕಾರ ಆಗ್ಬೇಕಿತ್ತಪ್ಪ. ಬೆಳಗಾಗೋವರೆಗೆ ಸ್ವರೂಪದ ಮುಂದೆ ಒಬ್ರು ಎಚ್ಚರವಾಗಿ ಕೂತಿರ್ಬೇಕಂತೆ. ಏಳನೇ ನಿಯಮ. ನನ್ನ ಕೈಲಿ ಎಲ್ಲಾಗುತ್ತೆ? ನಿನಗಾದ್ರೆ ಅಭ್ಯಾಸ. ಇವತ್ತು ಡ್ಯೂಟೀನೂ ಇಲ್ವಂತೆ, ಟೈಲರಮ್ಮ ಹೇಳಿದ್ರು."

ವಾಚ್‌ಮನ್ ಮಾಸ್ತರರ ಕೆನ್ನೆಯ ಗೆರೆಯನ್ನೇ ನೋಡಿದ.

"ಪುಸ್ತಕದಲ್ಲಿ ಯಾರ ಹೆಸರು ಬರೀತಾರೆ?"

"ಮನೆ ನಂದಲ್ವಾ," ಎಂದರು ಮಾಸ್ತರು, ಬೇಸರವಿಲ್ಲದೆ. "ಅವಸರ ಏನಿಲ್ಲ. ನೀನು ಬರೋವರೆಗೆ ನಾನು ಹೇಗೋ ಎದ್ದಿರ್ತೀನಿ." ಹೋದರು.

ಅವನು ಬಾಗಿಲು ಹಾಕಿದ. "ನಾನು ಹೋಗಲ್ಲ," ಎಂದ ತಾಯಿಗೆ. ವರ್ಷದ ಮೇಲೆ ಮೊದಲ ಸಲ ದನಿ ಏರಿಸಿದ್ದ. "ನಮ್ಮ ಮನೆಗೆ ಬೇಡವಾದ ಎಚ್ಚರ ಅವರ ಮನೆಗೆ ಯಾಕೆ? ಬೇಕಾದ್ರೆ ನಿಯಮ ಬರೆದೋರೇ ಬಂದು ಕೂರಲಿ. ನಾನು ಮಲಗ್ತೀನಿ. ಹನ್ನೆರಡು ದಿನದ್ದು ಒಟ್ಟಿಗೆ ಮಲಗ್ತೀನಿ."

ಅವನು ಚಾಪೆ ಹಾಸತೊಡಗಿದ. ದಿಂಬು ಇಡುವ ಹೊತ್ತಿಗೆ ತಾಯಿ, "ನನ್ನ ಮಂಚ ಮಾಸ್ತರ ಮನೆ ಕಡೆ ಗೋಡೆಗೆ ಸರಿಸು" ಎಂದಳು.

ಅವನು ಸರಿಸಿದ. ಆಕೆ ಗೋಡೆಗೆ ಅಂಗೈ ಊರಿ, ಕಿವಿಗೊಟ್ಟು ಮಲಗಿದಳು. ಇಬ್ಬರೂ ಉಸಿರು ಬಿಗಿಹಿಡಿದರು. ಗೋಡೆಯ ಆಚೆಯಿಂದ, ನಿಧಾನವಾಗಿ, ತುಂಬಿದ ಗಾಡಿ ಏರು ಹತ್ತುವ ಹಾಗೆ, ಮಾಸ್ತರರ ಗೊರಕೆ ಕೇಳಿಬಂತು.

"ಮಗಾ," ಎಂದಳು ತಾಯಿ, "ಬೇಗ ಹೋಗೋ. ಪಾಪ, ತಾಯಿ ಒಬ್ರೇ ಇದ್ದಾರೆ."