ವಿಶಾಖಪಟ್ಟಣದಲ್ಲೇ ಉಳಿದ ತಬಲ

ಬ್ಯಾಂಕಿನವನು ಬ್ಯಾಂಕಿನ ಕೆಲಸವನ್ನಷ್ಟೇ ನೋಡಿಕೊಂಡಿದ್ದರೆ ಅವನ ಬದುಕಿನಲ್ಲಿ ನಗುವಂಥದ್ದು ಹೆಚ್ಚೇನೂ ನಡೆಯುವುದಿಲ್ಲ. ನಾನು ಸಂಜೆ ಮನೆಗೆ ಬಂದು ಕಂಪ್ಯೂಟರಿನಲ್ಲಿ ತಬಲ ಬಾರಿಸಲು ಹೊರಟವನು. ಹಾಗಾಗಿ ನನ್ನ ಪಾಲಿಗೆ ಒಂದಲ್ಲ ಒಂದು ಫಜೀತಿ ತಪ್ಪಿದ್ದೇ ಇಲ್ಲ, ದೇವರು ದೊಡ್ಡವನು.

ಕಳ್ಳ ಅಲ್ಲ, ಅಳಿಯ

ಫ್ಲಾಪಿಗಳು ಇನ್ನೂ ಬದುಕಿದ್ದ ಕಾಲ. ನನಗೆ ವಿಶಾಖಪಟ್ಟಣಕ್ಕೆ ವರ್ಗವಾಗಿ ಆ ಊರಿನ ಪೆಂಡುರ್ತಿ ಬಡಾವಣೆಯಲ್ಲಿ ಬಾಡಿಗೆ ಫ್ಲಾಟ್ ಹಿಡಿದಿದ್ದೆವು. ಹೆಂಡತಿಗೂ ಕೆಲಸ. ಮಗಳು ಇನ್ನೂ ತೊಟ್ಟಿಲಲ್ಲಿ. ಕೂಸನ್ನು ನೋಡಿಕೊಳ್ಳಲೆಂದು ದಾವಣಗೆರೆಯಿಂದ ನಮ್ಮ ಅತ್ತೆ ಬಂದರು. ಅವರು ಬರದೇ ಹೋಗಿದ್ದರೆ ನಮ್ಮಿಬ್ಬರಲ್ಲಿ ಒಬ್ಬರು ನೌಕರಿಗೆ ನಮಸ್ಕಾರ ಹಾಕಬೇಕಿತ್ತು.

ಅತ್ತೆ ಊರಿನ ಭಜನಾ ಮಂಡಳಿಯಲ್ಲಿ ಎತ್ತಿದ ಕೈ. ದೇವರನಾಮ ಹಾಡಿದರೆ ಎದುರು ಮನೆಯವರೂ ಕಿಟಕಿ ತೆರೆಯುತ್ತಿದ್ದರು. ಇಲ್ಲಿ ಮಂಡಳಿಯಿಲ್ಲ, ತಬಲ ಇಲ್ಲ, ತೆಲುಗು ಬಾರದು. ಹಾಡುವುದನ್ನೇ ಬಿಟ್ಟರು. ಒಂದು ದಿನ ಮುದ್ದೆ ಮುರಿಯುತ್ತಾ, "ಅಳಿಯಂದ್ರೇ, ಈ ಊರಾಗೆ ನನ್ನ ಬಾಯಿ ಊಟಕ್ಕೆ ಮಾತ್ರ ಅನ್ನೋ ಹಂಗಾಗೇತಿ. ನನ್ನ ರೈಲು ಹತ್ತಿಸಿಬಿಡ್ರಿ" ಅಂದರು. ಹೆಂಡತಿ ನನ್ನನ್ನು ಒಳಗೆ ಕರೆದು, "ಏನಾದ್ರೂ ಮಾಡ್ರಿ, ಅಮ್ಮ ಹೋದ್ರೆ ನಮ್ಮ ಕತೆ ಮುಗೀತು" ಅಂದಳು.

ನಾನು ಸಂಗೀತದ ಒಂದು ಸಾಫ್ಟ್‌ವೇರ್ ಹಾಕಿಕೊಂಡು ಕೂತೆ. ಅದರಲ್ಲಿ ಡ್ರಮ್ಮಿಗೇ ಅಂತ ಒಂದು ಚಾನೆಲ್. ಅಲ್ಲಿ ಕೀಬೋರ್ಡಿನ ಒಂದೊಂದು ಮನೆ ಒತ್ತಿದರೆ ಒಂದೊಂದು ವಾದ್ಯ: ಕೆಳಗೆ ಡ್ರಮ್ಮು, ಮೇಲೆ ಗಂಟೆ, ಮರದ ಟಕಟಕ, ಶಿಳ್ಳೆ. ಇದು ತಿಳಿಯದ ನಾನು ಅತ್ತೆಯ ದೇವರನಾಮದ ರಾಗವನ್ನೇ ಆ ಚಾನೆಲ್ಲಿಗೆ ಹಾಕಿ, ಸ್ಪೀಕರ್ ಪೂರಾ ಏರಿಸಿ ಗುಂಡಿ ಒತ್ತಿದೆ.

ಪಲ್ಲವಿ ಮೇಲಕ್ಕೇರಿದ ಕಡೆಯಲ್ಲೆಲ್ಲ ಪೊಲೀಸ್ ಶಿಳ್ಳೆ! ಕೆಳಗಿನ ವಾಚ್‌ಮನ್ ದೊಣ್ಣೆ ಹಿಡಿದು ಮೂರು ಮಹಡಿ ಓಡಿ ಬಂದ. ಬಾಗಿಲು ತೆರೆದ ಅತ್ತೆಯನ್ನು ನೋಡಿ ಏದುಸಿರಲ್ಲಿ, "ದೊಂಗಾ? ದೊಂಗಾ?" ಅಂದ. ದೊಂಗ ಅಂದರೆ ಕಳ್ಳ. ಅತ್ತೆ ಬಂದ ವಾರದಲ್ಲೇ ಕಲಿತಿದ್ದ ಒಂದೇ ತೆಲುಗು ಪದ ಅದು. ನನ್ನ ಕಡೆ ಕೈ ತೋರಿಸಿ, "ದೊಂಗ ಅಲ್ಲಪ್ಪಾ, ಅಳಿಯ" ಎಂದು ಬಾಗಿಲು ಹಾಕಿಕೊಂಡರು.

ಒಂದೇ ಒಂದು 'ಧಾ'

ಸಾಫ್ಟ್‌ವೇರಿನಲ್ಲಿ ಪರದೇಶದ ಡ್ರಮ್ಮುಗಳೇ ತುಂಬಿದ್ದವು. ತಬಲ ಬೇಕಾದರೆ ನಾವೇ ಧ್ವನಿ ಹಿಡಿದು ಒಂದೊಂದು ಮನೆಗೆ ಒಂದೊಂದನ್ನು ಕೂರಿಸಬೇಕು. ಪಕ್ಕದ ಬೀದಿಯಲ್ಲಿ ಒಬ್ಬ ತಬಲ ಮೇಷ್ಟರಿದ್ದರು. ಕೇಳಿದ ತಕ್ಷಣ ತಬಲವನ್ನು ಸ್ಕೂಟರಿಗೆ ಕಟ್ಟಿಕೊಂಡು ಬಂದರು. ಕಾಸಿನ ಮಾತೆತ್ತಿದರೆ ಕಿವಿ ಮುಚ್ಚಿಕೊಂಡರು, ಪುಣ್ಯಾತ್ಮರು.

ಫ್ಯಾನಿನ ಸದ್ದು ಮೈಕಿಗೆ ಬೀಳಬಾರದೆಂದು ಫ್ಯಾನ್ ನಿಲ್ಲಿಸಿ, ಕಿಟಕಿ ಮುಚ್ಚಿ ಕೂತೆವು. ಸಮುದ್ರದ ಊರಿನ ಸೆಕೆ, ಕೇಳಬೇಕೆ? ನಾನು, "ಮೇಷ್ಟರೇ, ಒಂದೇ ಒಂದು 'ಧಾ' ಬಾರಿಸಿ ನಿಲ್ಲಿಸಿ" ಅಂದೆ. ಅವರು 'ಧಾ' ಬಾರಿಸಿದರು, ಕಣ್ಣು ಮುಚ್ಚಿದರು, ಹಾಗೇ ಕಾಲು ಗಂಟೆ ಬಾರಿಸಿದರು. ಮತ್ತೆ ಕೇಳಿದೆ. ಮತ್ತೆ ಅದೇ ಕತೆ. "ಏಂ ಚೇಯನು ಸಾರ್, ಕೈ ನಿಲ್ಲದು" ಎಂದು, ಏನು ಮಾಡಲಿ ಅನ್ನುವುದನ್ನು ತಮ್ಮ ತೆಲುಗಿಗೆ ನನ್ನ ಕನ್ನಡ ಬೆರೆಸಿ ಹೇಳಿ ಅವರೇ ಪೇಚಾಡಿದರು.

ಅಡುಗೆಮನೆಯಿಂದ ನೋಡುತ್ತಿದ್ದ ಅತ್ತೆ ಒಂದು ಬಟ್ಟಲಿನಲ್ಲಿ ಅನಕಾಪಲ್ಲಿ ಬೆಲ್ಲದ ಚೂರು ತಂದು ಮೇಷ್ಟರ ಪಕ್ಕ ಕೂತರು. ಒಂದು 'ಧಾ' ಬಿದ್ದ ಕೂಡಲೇ ಅವರ ಕೈಗೆ ಒಂದು ಚೂರು ಬೆಲ್ಲ. ಕೈ ಬಾಯಿಗೆ ಹೋಗಲೇಬೇಕಲ್ಲ, ತಬಲ ನಿಂತಿತು! ಹೀಗೆ 'ಧಾ', 'ಧಿನ್', 'ನಾ' ಎಲ್ಲ ಒಂದೊಂದಾಗಿ ಸಿಕ್ಕವು. ಸಾಫ್ಟ್‌ವೇರಿನಲ್ಲಿ ಆ ಹಾಳು ಗಂಟೆ, ಟಕಟಕ, ಶಿಳ್ಳೆಗಳನ್ನು ತೆಗೆದು ಅವುಗಳ ಜಾಗದಲ್ಲೇ ತಬಲ ಕೂರಿಸಿದೆ. ಶಿಳ್ಳೆಯ ಮನೆಗೆ ಬಂದದ್ದು 'ಧಾ', ಅಂದರೆ ತಾಳದ ಮೊದಲ ಪೆಟ್ಟು.

ಮರುದಿನ ಬೆಳಿಗ್ಗೆ ಬೆಲ್ ಆಯಿತು. ತಬಲದ ಸಮೇತ ಮೇಷ್ಟರು. "ನಿನ್ನೆಯ 'ಧಾ' ಯಾಕೋ ನನಗೇ ಸಮಾಧಾನವಿಲ್ಲ ಸಾರ್" ಎಂದು ತಮ್ಮ ಬೆರಕೆ ಭಾಷೆಯಲ್ಲಿ ಅನ್ನುತ್ತಾ ಅಡುಗೆಮನೆಯ ಕಡೆ ನೋಡಿದರು.

ದೊಡ್ಡವರು ಚಿಕ್ಕವರು

ತಬಲವೇನೋ ಸಿದ್ಧವಾಯಿತು. ಆದರೆ ಅತ್ತೆಯ ಹಾಡುಗಾರಿಕೆಗೆ ಒಂದು ಪದ್ಧತಿಯಿತ್ತು. ಚರಣ ಮುಗಿದ ಮೇಲೆ ಒಂದು ಗುಟುಕು ನೀರು, ಸೆರಗು ಸರಿಮಾಡುವುದು, ಬಂದವರಿಗೆ "ಬರ್ರಿ, ಕೂಡ್ರಿ" ಅನ್ನುವುದು, ಆಮೇಲೆ ಮುಂದಿನ ಚರಣ. ಮಂಡಳಿಯ ತಬಲದವರು ಅಷ್ಟೊತ್ತೂ ಕಾಯುತ್ತಿದ್ದರು. ಕಂಪ್ಯೂಟರ್ ಕಾಯುತ್ತದೆಯೇ? ಅತ್ತೆ ನೀರು ಕುಡಿಯುವಷ್ಟರಲ್ಲಿ ಅದು ಮುಂದಿನ ಚರಣ ಅರ್ಧ ಬಾರಿಸಿರುತ್ತಿತ್ತು.

"ಏನ್ರೀ ಇದು! ದೊಡ್ಡೋರು ಚಿಕ್ಕೋರು ಅನ್ನೋದು ಬ್ಯಾಡೇನು ಇದಕ್ಕ?" ಎಂದು ಮಾನಿಟರಿಗೆ ಬೆನ್ನು ತಿರುಗಿಸಿ ಕೂತರು.

ನಾನು ನೀರಿಗೆ, ಸೆರಗಿಗೆ, "ಬರ್ರಿ, ಕೂಡ್ರಿ"ಗೆ ಎಲ್ಲ ಲೆಕ್ಕ ಹಾಕಿ ನಡುವೆ ಖಾಲಿ ಜಾಗ ಬಿಟ್ಟೆ. ಅತ್ತೆ ಮತ್ತೆ ಹಾಡಿದರು. ಎಷ್ಟು ದಿನದ ಮೇಲೆ! ತೊಟ್ಟಿಲ ಕೂಸು ಕೈಕಾಲು ಬಡಿಯಿತು. ಹೆಂಡತಿ ಬಾಗಿಲಿಗೆ ಒರಗಿ ಕಣ್ಣೊರೆಸಿಕೊಂಡಳು.

ಆದರೆ ಈಗ ಖಾಲಿ ಜಾಗದ ತೊಂದರೆ ಶುರುವಾಯಿತು. ಯಾರೂ ಬರದ ದಿನವೂ ಅತ್ತೆ ಹಾಡಿನ ಆ ಜಾಗಕ್ಕೆ ಬಂದಾಗ ಗೋಡೆ ನೋಡಿ, "ಬರ್ರಿ, ಕೂಡ್ರಿ" ಅನ್ನುತ್ತಿದ್ದರು.

ರಸಿಕರ ಊರು

ವಿಜಯವಾಡದ ಕನ್ನಡಿಗರು ಒಂದು ಸಂಜೆ ಸೇರುವವರಿದ್ದರು. ನಮ್ಮಂತೆಯೇ ವರ್ಗವಾಗಿ ಬಂದವರು. ಅತ್ತೆಯ ಹಾಡೂ ಇರಲಿ ಎಂದು ಕರೆದರು. ಅತ್ತೆ ಒಪ್ಪಿ, "ಅದೊಂದು ಹಾಡಿ ನಾನು ಊರಿಗೆ ಹೊರಡ್ತೀನ್ರಿ. ಮನೆಯೊಳಗ ಹಾಡಿದ್ರ ಕೇಳೋರು ಯಾರು?" ಅಂದರು. ಹೆಂಡತಿಯ ಮುಖ ಸಪ್ಪಗಾಯಿತು. ಈ ಹಾಡು ಗೆದ್ದರಷ್ಟೇ ಅತ್ತೆ ಉಳಿಯುತ್ತಾರೆಂದು ಇಬ್ಬರಿಗೂ ಗೊತ್ತಿತ್ತು.

ನನ್ನ ಕಂಪ್ಯೂಟರ್ ರೈಲಿನಲ್ಲಿ ಹೊರುವಂಥದ್ದಲ್ಲ. ಅಲ್ಲಿಯವರು ಫೋನಿನಲ್ಲಿ, "ಅದೇ ಸಾಫ್ಟ್‌ವೇರ್ ನಮ್ಮಲ್ಲೂ ಇದೆ, ಫ್ಲಾಪಿ ತನ್ನಿ ಸಾಕು" ಅಂದರು. ಫ್ಲಾಪಿ ಹಿಡಿದು ಎಲ್ಲರೂ ಹೋದೆವು. ವೇದಿಕೆಯಲ್ಲಿ ಅತ್ತೆ ಕೂತು ಕೈಮುಗಿದರು. ಮುಂದಿನ ಸಾಲಿನಲ್ಲಿ ಬಿಳಿ ಮೀಸೆಯ, ಜರಿ ಶಲ್ಯದ ಒಬ್ಬ ತೆಲುಗು ಹಿರಿಯರು, ಮುಖ್ಯ ಅತಿಥಿ. ಅವರ ಕುರ್ಚಿಯ ಪಕ್ಕದಲ್ಲೇ ಸ್ಪೀಕರ್ ಡಬ್ಬ. ನಾನು ಗುಂಡಿ ಒತ್ತಿದೆ.

ಶಿಳ್ಳೆ! ಹಿಂದೆಯೇ ಟಕಟಕ, ಗಂಟೆ, ಮತ್ತೆ ಶಿಳ್ಳೆ!

ಆಗ ನನಗೆ ಹೊಳೆಯಿತು. ಫ್ಲಾಪಿಯಲ್ಲಿ ಬಂದದ್ದು ಯಾವ ಮನೆಯನ್ನು ಯಾವಾಗ ಒತ್ತಬೇಕೆಂಬುದು ಮಾತ್ರ. ಮೇಷ್ಟರ ತಬಲದ ಧ್ವನಿ ಪೆಂಡುರ್ತಿಯ ಕಂಪ್ಯೂಟರಿನಲ್ಲೇ ಕೂತಿತ್ತು. ಈ ಕಂಪ್ಯೂಟರಿನಲ್ಲಿ ಆ ಮನೆಗಳಲ್ಲಿ ಹಳೇ ಬಾಡಿಗೆದಾರರೇ ಇದ್ದರು.

ಹಾಡು ಶುರುಮಾಡಿದ್ದ ಅತ್ತೆ ನಿಲ್ಲಿಸಿ ಸಭೆಯನ್ನು ದುರುಗುಟ್ಟಿ ನೋಡಿದರು. "ಯಾರಪ್ಪಾ ಅದು, ದೇವರನಾಮಕ್ಕ ಶಿಳ್ಳೆ ಹಾಕೋರು?" ಶಿಳ್ಳೆ ಮತ್ತೆ ಬಿತ್ತು, ಸರಿಯಾಗಿ ತಾಳದ ಮೊದಲ ಪೆಟ್ಟಿಗೆ. ಸದ್ದು ಬಂದ ಕಡೆ ಕೂತಿದ್ದ ಬಿಳಿ ಮೀಸೆಯವರನ್ನು ನೋಡಿ ಅತ್ತೆಯ ಹುಬ್ಬು ಮೇಲೇರಿತು. ಇನ್ನೊಂದು ಶಿಳ್ಳೆ, ಮತ್ತೆ ಅಲ್ಲಿಗೇ. "ಹಾಕಿದ್ರ ಹಾಕ್ಲಿ ಬಿಡ್ರಿ, ತಾಳ ಬಲ್ಲೋರು" ಎಂದು ತೊಡೆ ತಟ್ಟಿಕೊಂಡು ಎತ್ತಿದರು ನೋಡಿ ಪಲ್ಲವಿ! ನಿಲ್ಲಿಸಲು ಹೋದ ನನ್ನ ಕೈ ಹಿಂದಕ್ಕೆ ಬಂತು. ಸಭೆ ಮೊದಲು ನಕ್ಕಿತು, ಆಮೇಲೆ ಚಪ್ಪಾಳೆ ಹಾಕಿ ತಾಳ ಹಿಡಿಯಿತು. ನೀರಿನ ಖಾಲಿ ಜಾಗದಲ್ಲಿ ಅತ್ತೆ, "ಬರ್ರಿ, ಕೂಡ್ರಿ" ಅಂದಾಗ ಬಾಗಿಲಲ್ಲಿ ನಿಂತವರೆಲ್ಲ ನಿಜವಾಗಿಯೂ ಬಂದು ಕೂತರು. ಆ ಜನರ ಋಣ ನಾನು ಮರೆಯಲಾರೆ.

ಮುಗಿದ ಮೇಲೆ ಬಿಳಿ ಮೀಸೆಯ ಹಿರಿಯರು ಬಂದು ಕೈಮುಗಿದರು. ಅತ್ತೆ ಕನ್ನಡದಲ್ಲೇ, "ಭಾಳ ಚಲೋ ತಾಳ ಹಿಡಿದ್ರಿ. ಮುಂದಿನ ಸಲ ಶಿಳ್ಳೆ ಸ್ವಲ್ಪ ಮೆಲ್ಲಗ ಹಾಕ್ರಿ" ಅಂದರು. ಒಂದಕ್ಷರ ತಿಳಿಯದ ಅವರು ದೊಡ್ಡವರ ಮಾತಿಗೆ ಎದುರಾಡಬಾರದೆಂದು ತಲೆಬಾಗಿ, "ಅಲಾಗೇನಮ್ಮಾ, ತಪ್ಪಕುಂಡಾ" ಅಂದರು, ಅಂದರೆ ಹಾಗೇ ಆಗಲಿ ತಾಯೀ, ಖಂಡಿತ.

ಹಿಂದಿರುಗುವ ರೈಲಿನಲ್ಲಿ ನಾನು ಮೆಲ್ಲಗೆ, "ಅತ್ತೆ, ದಾವಣಗೆರೆಗೆ ಟಿಕೆಟ್..." ಅಂದೆ.

"ಈಗ ಬ್ಯಾಡ್ರಿ. ಇಂಥ ರಸಿಕರಿರೋ ಸೀಮೆ ಬಿಟ್ಟು ಯಾರಾದ್ರೂ ಹೋಗ್ತಾರೇನು?"

ಹೆಂಡತಿ ಕೂಸನ್ನು ಅಪ್ಪಿಕೊಂಡು ನಕ್ಕಳು. ನನಗೆ ಮನಸ್ಸು ತಡೆಯಲಿಲ್ಲ. "ಅತ್ತೆ, ಆ ಶಿಳ್ಳೆ ಹಾಕಿದ್ದು ಅವರಲ್ಲ, ನನ್ನ ಕಂಪ್ಯೂಟರ್" ಎಂದು ಫ್ಲಾಪಿಯ ಕತೆಯನ್ನೆಲ್ಲ ಬಿಡಿಸಿ ಹೇಳಿದೆ.

ಅತ್ತೆ ಪೂರಾ ಕೇಳಿ, ನನ್ನ ಮೇಲೆ ಕನಿಕರಪಟ್ಟು ಬೆನ್ನು ತಟ್ಟಿದರು. "ಸುಮ್ನಿರ್ರಿ ಅಳಿಯಂದ್ರೇ. ನೀರು ಕುಡಿಯೋಕೆ ಬಿಡದ ಪೆಟ್ಟಿಗಿಗೆ ಅಷ್ಟು ರಸಿಕತನ ಎಲ್ಲಿಂದ ಬರ್ಬೇಕು? ಅವ್ರೇ ಪಾಪ ಕೈಮುಗಿದು ಒಪ್ಕೊಂಡಾರ!"