ಗಡಿಯಾಚೆಯ ಡೀಸೆಲ್

ಕೊಟ್ರಪ್ಪನ ಪೇಚಾಟಕ್ಕೆಲ್ಲ ‘ನೋಡಾಣ’ ಎಂಬ ಒಂದೇ ಮಾತು ಕಾರಣ.

ಅವನಿಗೆ ಹೆಣ್ಣುಮಗು ಹುಟ್ಟಿ ನಲವತ್ತು ದಿನವಾಗಿತ್ತು. ಹೆಂಡತಿ ಸುಮಂಗಲಾ ಹೊಸಪೇಟೆ ಹತ್ತಿರದ ತವರಿನಲ್ಲಿದ್ದಳು. ಅವನು ಬೆಂಗಳೂರಿನ ಪೀಣ್ಯದಲ್ಲಿ ಲಾರಿ ಓಡಿಸಿಕೊಂಡು ಬಾಗಲಗುಂಟೆಯ ಬಾಡಿಗೆ ಕೋಣೆಯಲ್ಲಿದ್ದ. ಬಟನ್ ಫೋನಿನ ಕಾಲ ಅದು; ಮಗುವಿನ ಅಳು ಫೋನಿನಲ್ಲಿ ಕೇಳಿದ್ದನೇ ಹೊರತು ಮುಖ ಕಂಡಿರಲಿಲ್ಲ. ಮಾರನೆಯ ದಿನ ಹೊಸಪೇಟೆಗೆ ಒಂದು ಲೋಡು ಹೋಗಲಿದೆ ಎಂದು ತಿಳಿದದ್ದೇ ಲಾರಿ ಯಜಮಾನ ಚಿಕ್ಕಬೈರಪ್ಪನ ಮುಂದೆ ಹೋಗಿ ನಿಂತ.

“ಹೊಸಪೇಟಿ ಲೋಡು ನನಗ ಕೊಡ್ರಿ ಯಜಮಾನ್ರ. ಕೂಸಿನ ಮಾರಿ ನೋಡ್ಬೇಕ್ರಿ.”

ಚಿಕ್ಕಬೈರಪ್ಪ ಇಡ್ಲಿ ಮುರಿಯುತ್ತ ಹೇಳಿದ: “ಮೊದ್ಲು ಇವತ್ತಿನ ಹೊಸೂರು ಲೋಡು ಇಳಿಸ್ಬಾ. ನಮ್ ಸರ್ಕಾರ ಡೀಸೆಲ್ ಮ್ಯಾಲೆ ಟ್ಯಾಕ್ಸ್ ಜಡಿದೈತೆ, ತಮಿಳ್ನಾಡಲ್ಲಿ ಕಮ್ಮಿ. ಗಡಿ ದಾಟೋಗಂಟ ಒಂದ್ ತೊಟ್ಟೂ ಆಕಿಸ್ಬೇಡ. ಅಲ್ಲಿ ಟ್ಯಾಂಕ್ ತುಂಬಿಸ್ಕೊಂಡ್ ಬಾ. ಆಮೇಲ್ ನೋಡಾಣ.”

ಕೊಟ್ರಪ್ಪನ ಊರಲ್ಲಿ ಯಜಮಾನರು ನೋಡೋಣ ಎಂದರೆ ಆಯಿತೆಂದೇ ಅರ್ಥ. ಬೆಂಗಳೂರಿನ ಅರ್ಥ ಅವನಿಗೆ ಯಾರೂ ಹೇಳಿರಲಿಲ್ಲ.

ಲಾರಿಯಲ್ಲಿದ್ದದ್ದು ಖಾಲಿ ರಟ್ಟಿನ ಪೆಟ್ಟಿಗೆ. ಅದು ಗಾಳಿಯ ಮೇಲೆ ತೇಲಿದ ಹಾಗೆ ಸಾಗುತ್ತಿತ್ತು. ಕೊಟ್ರಪ್ಪ ಒಂದೊಂದು ಸಿಗ್ನಲ್ಲಿನಲ್ಲಿ ಮಗುವಿಗೆ ಒಂದೊಂದು ಮುಖ ಬರೆದ. ಇಲ್ಲಿ ಸುಮಂಗಲಾಳ ಮೂಗು ಇಟ್ಟ, ಅಲ್ಲಿ ತನ್ನ ಹಣೆ ಇಟ್ಟು ನೋಡಿ ಬೇಡವೆಂದು ತೆಗೆದ. ಗಲ್ಲದ ಗುಳಿಯ ಬಗ್ಗೆ ಯೋಚಿಸುವ ಹೊತ್ತಿಗೆ ಡೀಸೆಲ್ ಮುಳ್ಳು ಕೆಂಪು ಗೆರೆಗೆ ತಲೆಯಿಟ್ಟು ಮಲಗಿಬಿಟ್ಟಿತ್ತು. ಅತ್ತಿಬೆಲೆಯಲ್ಲಿ, ಗಡಿ ಇನ್ನೇನು ಕೂಗಳತೆಯಲ್ಲಿರುವಾಗ, ಊಟ ಮುಗಿಸಿದ ಮುದುಕ ಗೋಡೆಗೆ ಒರಗುವಂತೆ ಲಾರಿ ನಿಟ್ಟುಸಿರುಬಿಟ್ಟು ನಿಂತಿತು.

ರಸ್ತೆ ಬದಿಯಲ್ಲಿ ಟೀ ಮಾರುತ್ತಿದ್ದ ಗಂಗಮ್ಮ ಎದ್ದು ಬಂದಳು. “ಯಾಕಣ್ಣ, ನಿಂತೋಯ್ತು?”

“ಡೀಸೆಲ್ ತೀರೈತ್ರಿ ಅಕ್ಕಾರ.”

“ಎಡಗಡೆನೇ ಬಂಕ್ ಐತಲ್ಲ.”

“ಅದು ಕರ್ನಾಟಕದ್ದು ಬ್ಯಾಡ್ರಿ.”

“ನಿಂದ್ಯಾವ ರಾಜ್ಯ?”

“ಕರ್ನಾಟಕಾನೇ ರೀ.”

ಗಂಗಮ್ಮ ಹತ್ತಿರ ಬಂದು ಅವನ ಬಾಯಿ ಮೂಸಿ ನೋಡಿದಳು.

ಹಿಂದೆ ಸಿಕ್ಕಿಕೊಂಡಿದ್ದ ಲಾರಿಯಿಂದ ಪೀಣ್ಯದ ದ್ಯಾಮಣ್ಣ ಇಳಿದು ಬಂದ. “ಏನ್ ಗುರು, ಬಾವಿ ಕಟ್ಟೆ ಮೇಲ್ ಕೂತ್ಕೊಂಡು ಪಕ್ಕದೂರಿನ ನೀರು ಬೇಕು ಅಂತೀಯಲ್ಲ.”

“ಇಲ್ಲಿ ಹಾಕ್ಸಿದ್ರ ಕೂಸಿನ ಮಾರಿ ಕಾಣಂಗಿಲ್ಲಣ್ಣ.”

ಆ ಮಾತು ಯಾರಿಗೂ ಅರ್ಥವಾಗಲಿಲ್ಲ. ಆದರೂ ಕೂಸು ಎಂದ ಮೇಲೆ ತಳ್ಳದಿರಲು ಯಾರಿಗೂ ಮನಸ್ಸು ಬರಲಿಲ್ಲ. ಆರು ಜನ ತಳ್ಳಿದರು, ಹದಿನಾರು ಜನ ಹೇಗೆ ತಳ್ಳಬೇಕೆಂದು ಹೇಳಿದರು. ಬಂಕಿನವನು ಪೈಪು ಹಿಡಿದು ಅಂಚಿನವರೆಗೆ ಬಂದು, ಮದುವಣಿಗ ಬೇರೆ ಮನೆಗೆ ಹೋದದ್ದನ್ನು ಕಂಡ ಆರತಿಯವಳ ಹಾಗೆ ನಿಂತುಬಿಟ್ಟ. ಲಾರಿ ಮೆಲ್ಲಗೆ, ಸದ್ದಿಲ್ಲದೆ, ಕನಸಿನಲ್ಲಿ ಹೋದಂತೆ ರಾಜ್ಯ ದಾಟಿತು.

ಆಚೆಯ ಬಂಕಿನಲ್ಲಿ ಟ್ಯಾಂಕು ತುಂಬಿತು, ಲಾರಿ ಮಾತ್ರ ಏಳಲಿಲ್ಲ. ಬರಿದಾದ ಪೈಪಿನಲ್ಲಿ ಗಾಳಿ ಹೊಕ್ಕಿತ್ತು. ಇಂಜಿನ್ ಕೆಳಗೆ ನುಸುಳಿ, ಪಂಪು ಒತ್ತಿ ಒತ್ತಿ ಗಾಳಿ ತೆಗೆಯುವುದರೊಳಗೆ ಕೊಟ್ರಪ್ಪ ಮೀಸೆಯವರೆಗೂ ಡೀಸೆಲಿನಲ್ಲಿ ಅದ್ದಿಹೋಗಿದ್ದ. ಹಾಗೆಯೇ ಲೋಡು ಇಳಿಸಿ, ಸಂಜೆಯ ಹೊತ್ತಿಗೆ ಪೀಣ್ಯಕ್ಕೆ ಬಂದ. ಹಣೆ ತನ್ನದೇ ಇರಲಿ ಎಂದು ದಾರಿಯಲ್ಲಿ ತೀರ್ಮಾನಿಸಿಯಾಗಿತ್ತು.

ಚಿಕ್ಕಬೈರಪ್ಪ ಟ್ಯಾಂಕಿಗೆ ಕಡ್ಡಿ ಇಳಿಸಿ ನೋಡಿದ. ಕಡ್ಡಿ ಕತ್ತಿನವರೆಗೆ ಒದ್ದೆ.

“ದ್ಯಾಮಣ್ಣ ಫೋನ್ ಮಾಡಿದ್ದ ಕಣೋ. ಪಕ್ಕದಾಗೇ ಬಂಕಿದ್ರೂ ತಿರುಗಿ ನೋಡ್ನಿಲ್ವಂತೆ. ಇಂತಾ ಡ್ರೈವರ್ ನಂಗೆ ಸಿಕ್ಕೇ ಇರ್ನಿಲ್ಲ.”

“ಹಂಗಾರ ಹೊಸಪೇಟಿ ಲೋಡು, ಯಜಮಾನ್ರ?”

“ಹೊಸಪೇಟೆಗಾ? ತುಮಕೂರು, ಚಿತ್ರದುರ್ಗ, ಆ ದಾರೀಲಿ ಒಂದ್ ಗಡಿನಾದ್ರೂ ಐತಾ? ಎಲ್ಲಾ ನಮ್ ರಾಜ್ಯದ್ದೇ ರೇಟು, ಯಾವನ್ ಹೋದ್ರೂ ಒಂದೇಯ. ನಿನ್ನಂತೋನ್ನ ಅಲ್ಲಿಗ್ ಕಳ್ಸಿ ವೇಸ್ಟ್ ಮಾಡ್ಲಾ? ಇನ್ಮೇಲೆ ದಿನಾ ಹೊಸೂರು ನಿಂದೇ.”

ಎಂದವನು ಹೊಸಪೇಟೆ ಲಾರಿಯ ಕೀಯನ್ನು, ಕೊಟ್ರಪ್ಪನ ಊರಿನವನೇ ಆದ ಡ್ರೈವರ್ ಹನುಮೇಶನತ್ತ ಎಸೆದ.

ಹನುಮೇಶ ಕೀ ಹಿಡಿದು, ಡೀಸೆಲ್ ಮೆತ್ತಿದ ಕೊಟ್ರಪ್ಪನ ಹೆಗಲನ್ನು ಪ್ರೀತಿಯಿಂದ ತಟ್ಟಿದ. “ಚಿಂತಿ ಬಿಡೋ ಅಣ್ಣ. ನಾ ಹೋದ ಕೂಡ್ಲೆ ನಿಮ್ಮ ಮಾವನ ಮನಿಗೇ ಹೋಗ್ತೀನಿ. ಕೂಸು ಯಾರಂಗ ಐತಿ ಅಂತ ನೋಡ್ಕೊಂಡ್ ಬಂದು, ಎಲ್ಲಾ ಬಿಡಿಸಿ ಹೇಳ್ತೀನಿ.”