ಮಾವ ಒಪ್ಪದ ಜ್ವರ

ನನ್ನ ಸೋದರಮಾವನನ್ನು ಮದುವೆಗೆ ಕರೆಯಲು ಮಂಗಳೂರಿನಲ್ಲಿ ಜನ ಹೆದರುತ್ತಿದ್ದರು ಎಂದರೆ ನೀವು ನಂಬಲಿಕ್ಕಿಲ್ಲ. ಕುಡಿದು ಗಲಾಟೆ ಮಾಡುವವರೇ? ಛೆ, ಅಲ್ಲ! ಎಪ್ಪತ್ತರ ದಶಕದಲ್ಲಿ ನಮ್ಮವರಿಗೆಲ್ಲ ಮಕ್ಕಳ ಹೃದಯದ ಡಾಕ್ಟರೆಂದರೆ ಅವರೇ. ಆದರೆ ಪಂಕ್ತಿಯಲ್ಲಿ ಕುಳಿತವರು ಪಾಯಸಕ್ಕೆ ಕಾಯುತ್ತಿರುವಾಗ, ಹುಡುಗ ಹುಡುಗಿಗೆ ಮೊದಲೇ ರಕ್ತಸಂಬಂಧ ಉಂಟೇ, ಮನೆಯಲ್ಲಿ ಚಿಕ್ಕ ಮಕ್ಕಳು ತೀರಿಹೋದದ್ದು ಉಂಟೇ ಎಂದು ವಿಚಾರಿಸಿದರೆ ಯಾವ ಬೀಗರು ಸಹಿಸುತ್ತಾರೆ ಹೇಳಿ!

ಒಂದೇ ಮನೆಯ ಎರಡು ಮೂರು ಮಕ್ಕಳ ಹೃದಯದಲ್ಲಿ ಒಂದೇ ಬಗೆಯ ದೋಷ ಏಕೆ ಬರುತ್ತದೆ ಎಂಬುದು ಅವರ ತಲೆ ಕೊರೆಯುತ್ತಿದ್ದ ಪ್ರಶ್ನೆ. ಅದಕ್ಕಾಗಿ ಕಂಡಕಂಡವರ ವಂಶವೃಕ್ಷ ಬರೆಯುತ್ತಿದ್ದರು. ಗಂಡಿಗೆ ಚೌಕ, ಹೆಣ್ಣಿಗೆ ಸೊನ್ನೆ, ಹೃದಯದ ಕಾಯಿಲೆಯವರಾದರೆ ಒಳಗೆಲ್ಲ ಶಾಯಿ. ಕಾಗದ ಸಿಗದಿದ್ದರೆ ಲಗ್ನಪತ್ರಿಕೆಯ ಬೆನ್ನೇ ಆಯಿತು. ನಮ್ಮದು ಅಳಿಯಸಂತಾನದ ಜನ. ಅಮ್ಮನ ಕಡೆಯ ಏಳು ತಲೆಮಾರನ್ನು ಬಾಯಿಪಾಠ ಒಪ್ಪಿಸುವವರು ಅಪ್ಪನ ಅಜ್ಜಿಯ ಹೆಸರು ಕೇಳಿದರೆ ಮಾಡಿನ ಹಂಚು ನೋಡುತ್ತಿದ್ದರು. ಹಾಗಾಗಿ ಮಾವನ ವೃಕ್ಷಗಳೆಲ್ಲ ಕಡಲ ದಂಡೆಯ ತೆಂಗಿನಂತೆ ಒಂದೇ ಕಡೆ ವಾಲಿದ್ದವು. ಉರ್ವದ ಒಬ್ಬ ಅಜ್ಜಿಯಂತೂ ಇವರನ್ನು ಮದುವೆ ದಲ್ಲಾಳಿ ಎಂದೇ ನಂಬಿ ಮೊಮ್ಮಗಳ ಫೋಟೋ ಕಳಿಸಿದ್ದರು. ಅದು ಕಪ್ಪುಬಿಳುಪು ಫೋಟೋ. ಹೃದಯದ ದೋಷಕ್ಕೆ ಉಗುರು, ತುಟಿ ನೀಲಿಯಾಗುವುದುಂಟಲ್ಲ, ಹುಡುಗಿಯ ಉಗುರು ಯಾವ ಬಣ್ಣ ಎಂದು ಕೇಳಿ ಮಾವ ಚೀಟಿ ಬರೆದರು!

ಬೆಂಗ್ರೆಗೆ ಹೊಳೆ ದಾಟಿಸುವ ದೋಣಿಯಲ್ಲಿ ಒಮ್ಮೆ ಯಾರದೋ ಮಗುವಿನ ಎದೆಗೆ ಸ್ಟೆತಾಸ್ಕೋಪ್ ಇಟ್ಟವರು, ಸದ್ದಿನಲ್ಲಿ ಏನೂ ಕೇಳಿಸುವುದಿಲ್ಲವೆಂದು ನಡುಹೊಳೆಯಲ್ಲಿ ಇಂಜಿನ್ ನಿಲ್ಲಿಸಿದ್ದರು. ದೋಣಿ ಮೆಲ್ಲಗೆ ಅಳಿವೆಯ ಕಡೆಗೆ ತೇಲತೊಡಗಿತು. ಮೀನಿನ ಬುಟ್ಟಿಯ ಹೆಂಗಸರು ತುಳುವಿನಲ್ಲಿ ಬೈದದ್ದನ್ನು ಇಲ್ಲಿ ಬರೆಯುವಂತಿಲ್ಲ. ಆ ಮಗುವಿಗೆ ಮದರಾಸಿನಲ್ಲಿ ಆಪರೇಷನ್ ಆಗಿ ಗುಣವಾಯಿತು. ಆಮೇಲೆ ಅದೇ ಹೆಂಗಸರು ತಂದುಕೊಟ್ಟ ಬಂಗುಡೆ ತಿಂದು ತಿಂದು ನಮಗೆ ಸಾಕಾಗಿಹೋಗಿತ್ತು.

ಮಾವನ ದೊಡ್ಡ ಶತ್ರುವೆಂದರೆ ಜ್ವರ. ಮಕ್ಕಳೆಷ್ಟು ಎಂದು ಕೇಳಿದರೆ ಜನ ಬದುಕಿದವರನ್ನಷ್ಟೇ ಎಣಿಸುತ್ತಿದ್ದರು. ಹೋದವರ ಬಗ್ಗೆ ಒತ್ತಾಯಿಸಿದರೆ ಎಲ್ಲ ಮನೆಗಳಲ್ಲೂ ಒಂದೇ ಉತ್ತರ, ಜ್ವರ ಬಂದು ಹೋಯಿತು. ಈ ಊರಿನ ಮಕ್ಕಳಿಗೆ ಬೇರೆ ಕಾಯಿಲೆಯೇ ಇಲ್ಲವೇ ಎಂದು ಮಾವ ಗೊಣಗುತ್ತ ಮತ್ತೆ ಮತ್ತೆ ಹೋಗುತ್ತಿದ್ದರು. ಮೂರನೆಯ ಭೇಟಿಗೋ ನಾಲ್ಕನೆಯದಕ್ಕೋ ಯಾವುದೋ ತಾಯಿ ಕಣ್ಣೊರೆಸಿಕೊಂಡು, ಹಾಲು ಕುಡಿಯುವಾಗ ಮಗುವಿನ ತುಟಿ ನೀಲಿಯಾಗುತ್ತಿತ್ತು ಎಂದು ಹೇಳುತ್ತಿದ್ದಳು.

ಒಂದು ಮನೆಯಲ್ಲಿ ಮಾತ್ರ ಅವರ ಹಟ ನಡೆಯಲಿಲ್ಲ. ಅದು ನಮ್ಮ ಮನೆ.

ನನಗೆ ಎಂಟು ವರ್ಷವಿದ್ದಾಗ ತಮ್ಮ ಹುಟ್ಟಿದ. ಮೆಡಿಕಲ್ ಓದುತ್ತಿದ್ದ ಮಾವ ರಜೆಗೆ ಬಂದವರು, ಹೊಸ ಸ್ಟೆತಾಸ್ಕೋಪನ್ನು ಹೆಮ್ಮೆಯಿಂದ ಅವನ ಎದೆಗಿಟ್ಟು, ಬರೀ ಶೀತ ಅಕ್ಕ ಎಂದು ಅಮ್ಮನಿಗೆ ಹೇಳಿದ್ದರು. ಅವರು ಕಾಲೇಜಿಗೆ ಮರಳಿದ ಹದಿನೈದು ದಿನಕ್ಕೆ ಮಗು ಹೋಯಿತು. ಆ ತುಟಿಯನ್ನು ನಾನೂ ನೋಡಿದ್ದೆ. ಅಮ್ಮ ನಮಗೆಲ್ಲ ತಾಕೀತು ಮಾಡಿದರು: ಮಾವ ಕೇಳಿದರೆ ಜ್ವರ ಎನ್ನಬೇಕು, ನಿಜ ತಿಳಿದರೆ ಅವನು ಓದು ಬಿಟ್ಟುಬಿಡುತ್ತಾನೆ. ಓದು ಮುಗಿದು, ಹೆಸರು ಬಂದು, ಅವರ ತಲೆ ನರೆತರೂ ನಾವು ಯಾರೂ ಮಾತು ಬದಲಿಸಲಿಲ್ಲ.

ಎಂಬತ್ತರ ದಶಕದಲ್ಲಿ, ಅಮ್ಮ ತೀರಿದ ಮೇಲೆ, ಒಂದು ಭಾನುವಾರ ಮಾವ ಮನೆಗೆ ಬಂದರು. ನಮ್ಮದೇ ವಂಶವೃಕ್ಷ ಹರಡಿ, ಶಾಯಿ ತುಂಬದ ಒಂದು ಚೌಕದ ಮೇಲೆ ಬೆರಳಿಟ್ಟರು.

"ನೀನು ಅಲ್ಲೇ ಇದ್ದೆಯಲ್ಲ. ತುಟಿ ಎಂತ ಬಣ್ಣ ಇತ್ತು?"

ಊರನ್ನೆಲ್ಲ ನಗಿಸಿದ ಆ ಮುಖ ನೋಡಿ ನನಗೆ ಧೈರ್ಯ ಬರಲಿಲ್ಲ.

"ಜ್ವರ, ಮಾವ," ಎಂದೆ.

ಅವರು ಪೆನ್ನಿಗೆ ಮುಚ್ಚಳ ಹಾಕಿದರು.

"ಯಾರಾದರೂ ಒಬ್ಬರು ನನಗೆ ಬೈಯಬಹುದಿತ್ತು ಮಾರಾಯ್ತಿ. ಊರವರ ಮಕ್ಕಳದ್ದೆಲ್ಲ ಹೇಳಿದರು. ಅವನದ್ದು ಯಾರೂ ಹೇಳಲಿಲ್ಲ."

ಮರುವರ್ಷ ಮಾವ ಹೋದರು. ಅವರನ್ನು ಕಾಪಾಡುತ್ತಿದ್ದೇವೆ ಎಂದುಕೊಂಡು ಮನೆಮಂದಿಯೆಲ್ಲ ಸೇರಿ ಅವರನ್ನು ಒಂಟಿ ಮಾಡಿದೆವು. ಕೊನೆಯ ಅವಕಾಶ ನನ್ನದಾಗಿತ್ತು, ನಾನೂ ಕಳೆದುಕೊಂಡೆ.

ನೀಲಿ ಇತ್ತು, ಮಾವ. ನೀವು ಶೀತ ಎಂದಿರಿ. ನಿಮಗೆ ಆಗ ಇಪ್ಪತ್ತೇ ವರ್ಷ.